ಮೂವತ್ತು ಸೆಕೆಂಡು, ಒಂದೇ ಪದ: ಉಡುಪಿಯ ಒಂದು ಕಬಡ್ಡಿ ಪಂದ್ಯಾಟದ ಪ್ರಕರಣ

ಕಬಡ್ಡಿಯಲ್ಲಿ ರೈಡ್‌ಗೆ ಹೋದವನ ಬಾಯಲ್ಲಿ ಒಂದೇ ಪದ ಇರಬೇಕು. ಎದುರಾಳಿಯ ಅಂಕಣಕ್ಕೆ ಕಾಲಿಟ್ಟಲ್ಲಿಂದ ನಡುಗೆರೆಗೆ ಮರಳುವ ತನಕ, ಹೆಚ್ಚೆಂದರೆ 30 ಸೆಕೆಂಡು, ಅವನು 'ಕಬಡ್ಡಿ, ಕಬಡ್ಡಿ' ಎನ್ನುತ್ತಲೇ ಇರಬೇಕು. ಅದು ನಡುವೆ ಕಡಿದರೆ ಔಟ್. ತೀರ್ಪುಗಾರರು ಇದನ್ನು ಕ್ಯಾಂಟ್ ಎನ್ನುತ್ತೇವೆ. ದೈಹಿಕ ಶಿಕ್ಷಣ ಶಿಕ್ಷಕನಾಗಿ ಮೂವತ್ತು ವರ್ಷ ಮಕ್ಕಳಿಗೆ ಈ ನಿಯಮ ಕಲಿಸಿದವನು ನಾನು. ಅದೇ ನಿಯಮ ಒಬ್ಬ ಹುಡುಗನ ಬಾಯಿ ಕಟ್ಟಿದ ರಾತ್ರಿ ಸೀಟಿ ನನ್ನ ಕೈಯಲ್ಲೇ ಇತ್ತು.

ಊರು, ಸಂಘ, ತಂಡ, ಹುಡುಗ, ಯಾರ ಹೆಸರನ್ನೂ ಇಲ್ಲಿ ಹಾಕುವುದಿಲ್ಲ. ಹುಡುಗ ಬೇಡ ಎಂದಿದ್ದಾನೆ. ಊರಿನವರೂ ಬೇಡ ಎಂದಿದ್ದಾರೆ, ಅದಕ್ಕೆ ಕಾರಣ ಬೇರೆ.

ಪಂದ್ಯಾಟ ಮತ್ತು ಹುಡುಗ

ಉಡುಪಿ ಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿನ ಯುವಕ ಮಂಡಲದ ಬೆಳ್ಳಿಹಬ್ಬಕ್ಕೆಂದು ಫೆಬ್ರವರಿಯ ಒಂದು ಶನಿವಾರ ಶಾಲೆಯ ಮೈದಾನದಲ್ಲಿ ಹೊನಲು ಬೆಳಕಿನ ಮ್ಯಾಟ್ ಕಬಡ್ಡಿ ಇಟ್ಟಿದ್ದರು. ಹದಿನಾರು ತಂಡ. ಎರಡು ಬದಿಯಲ್ಲಿ ಗ್ಯಾಲರಿ, ಒಂದು ಬದಿಯಲ್ಲಿ ವೇದಿಕೆ, ನಾಲ್ಕನೆಯ ಬದಿಯಲ್ಲಿ ಜನರೇಟರ್, ಅದರ ಪಕ್ಕ ಗೋಳಿಬಜೆ, ಚರುಮುರಿ, ಹುರಿದ ನೆಲಗಡಲೆ ಮಾರುವವರು. ಕಾರ್ಕಳ ತಾಲೂಕಿನ ಹೆರ್ಮುಂಡೆಯಿಂದ ಹೊರಟು ಭಾರತ ತಂಡಕ್ಕೆ ಆಡಿದ, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮಮತಾ ಪೂಜಾರಿಯವರ ಜಿಲ್ಲೆ ನಮ್ಮದು. ಕಬಡ್ಡಿ ಎಂದರೆ ಅಜ್ಜಿಯರೂ ಕುರ್ಚಿ ಹಿಡಿಯಲು ಬರುತ್ತಾರೆ. ಕರಪತ್ರದ ಕೊನೆಗೆ ಎಲ್ಲ ಪಂದ್ಯಾಟಗಳಲ್ಲೂ ಇರುವ ಸಾಲು ಇಲ್ಲಿಯೂ ಇತ್ತು: 'ತೀರ್ಪುಗಾರರ ತೀರ್ಮಾನವೇ ಅಂತಿಮ.'

ಪೇಟೆಯಿಂದ ಬಂದ ಒಂದು ತಂಡದಲ್ಲಿ ಆ ಹುಡುಗ ಅತಿಥಿ ಆಟಗಾರ. ಯಲ್ಲಾಪುರ ಕಡೆಯ ಸಿದ್ದಿಗಳವನು, ಇಪ್ಪತ್ತು ವರ್ಷ, ಇಲ್ಲಿಯ ಕಾಲೇಜೊಂದರಲ್ಲಿ ಎರಡನೆಯ ವರ್ಷದ ಪದವಿ. ಸಿದ್ದಿಗಳ ಪೂರ್ವಜರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದರು, ಅಲ್ಲಿಂದ ತಪ್ಪಿಸಿಕೊಂಡು ಬಂದವರು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಿನ ಕಾಡುಗಳಲ್ಲಿ ನೆಲೆನಿಂತರು ಎಂದು ಪುಸ್ತಕಗಳಲ್ಲಿದೆ. ಅಂದರೆ ಅವರು ಈ ನೆಲಕ್ಕೆ ಬಂದು ಶತಮಾನಗಳು ಕಳೆದಿವೆ. ಈ ಹುಡುಗನಿಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಹಾಸ್ಟೆಲ್‌ನಲ್ಲಿ ಎರಡು ವರ್ಷ ಕಳೆದ ಮೇಲೆ ತುಳು ಸಹ. ತುಳು ಬರುತ್ತದೆ ಎಂಬುದನ್ನು ಆ ರಾತ್ರಿ ಗ್ಯಾಲರಿಯಲ್ಲಿದ್ದ ಯಾರೂ ಊಹಿಸಿರಲಿಲ್ಲ. ಮುಖ ನೋಡಿ ಭಾಷೆ ತೀರ್ಮಾನಿಸುವವರು ನಾವು.

ಸಿದ್ದಿಗಳು ಆಟಕ್ಕೆ ಹೊಸಬರಲ್ಲ. ಮಂಗಳೂರಿನಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವ ಅವರು ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದ 1980ರ ದಶಕದ ಉತ್ತರಾರ್ಧದಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿಗಳ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್‌ಗೆ ತರಬೇತಿ ಕೊಟ್ಟಿತ್ತು. 1993ರಲ್ಲಿ ಅದು ನಿಂತುಹೋಯಿತು, ಮಕ್ಕಳು ಊರಿಗೆ ಮರಳಿದರು. ಆ ಯೋಜನೆಯ ಹಿಂದೆಯೂ 'ಇವರ ಮೈಯಲ್ಲೇ ಓಟವಿದೆ' ಎಂಬ ನಂಬಿಕೆ ಇತ್ತು. ಹೊಗಳಿಕೆಯ ವೇಷದ ಈ ಮಾತು ಮುಂದೆ ಮೈಕಿನಲ್ಲಿ ಮತ್ತೆ ಬರುತ್ತದೆ.

ಮೈಕ್

ನಮ್ಮ ಕಡೆಯ ಪಂದ್ಯಾಟ ನೋಡದವರಿಗೆ ವೀಕ್ಷಕ ವಿವರಣೆಗಾರನ ಬಲ ಗೊತ್ತಾಗುವುದಿಲ್ಲ. ರಾತ್ರಿಯಿಡೀ ಜನರನ್ನು ಕೂರಿಸುವವನು ಅವನೇ. ದೇಣಿಗೆ ಕೊಟ್ಟವರ ಹೆಸರು ಹೇಳುತ್ತಾನೆ, ಕಳೆದುಹೋದ ಮಗುವನ್ನು ಹುಡುಕಿಸುತ್ತಾನೆ, ಆಟಗಾರರಿಗೆ ಬಿರುದು ಕೊಡುತ್ತಾನೆ. ಅವನು ಕೂಗು ಎಂದರೆ ಮೈದಾನ ಕೂಗುತ್ತದೆ. ರಾತ್ರಿ ಹತ್ತರ ನಂತರ ಬಯಲಲ್ಲಿ ಧ್ವನಿವರ್ಧಕ ಹಚ್ಚಬಾರದೆಂಬ ನಿಯಮ 2000ನೇ ಇಸವಿಯಿಂದ ಇದೆ. ಅದನ್ನು ಪಾಲಿಸಿದ್ದರೆ ಈ ಪ್ರಕರಣದ ಅರ್ಧ ಭಾಗ ನಡೆಯುತ್ತಲೇ ಇರಲಿಲ್ಲವೇನೋ.

ಹುಡುಗನ ಮೊದಲ ಪಂದ್ಯ ಒಂಬತ್ತರ ಹೊತ್ತಿಗೆ. ಎರಡು ರೈಡ್‌ನಲ್ಲಿ ಐದು ಅಂಕ ತಂದ. ಮೈಕ್ ಹೇಳಿತು: 'ಬಂದ ನೋಡಿ ಆಫ್ರಿಕಾದ ಕರಿ ಚಿರತೆ!' ಜನ ಚಪ್ಪಾಳೆ ತಟ್ಟಿದರು. ಕ್ವಾರ್ಟರ್ ಫೈನಲ್ ಹೊತ್ತಿಗೆ ಅದು 'ಆಫ್ರಿಕಾ' ಮಾತ್ರವಾಯಿತು. 'ಆಫ್ರಿಕಾ ರೈಡ್‌ಗೆ ಬರುತ್ತಿದೆ' ಎಂದ. ಬರುತ್ತಿದ್ದಾನೆ ಎನ್ನಲಿಲ್ಲ. ಮ್ಯಾಟ್‌ನ ಅಂಚಿನಲ್ಲಿ ನಿಂತಿದ್ದ ನನಗೆ ಇದು ಕೇಳಿಸಿತ್ತು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಸುಮ್ಮನಿದ್ದೆ ಎಂಬುದು ಖಂಡಿತ.

ವೆಸ್ಟ್ ಇಂಡೀಸ್‌ನ ಡ್ಯಾರೆನ್ ಸಾಮಿ 2020ರಲ್ಲಿ ಹೇಳಿಕೊಂಡದ್ದು ಹಲವರಿಗೆ ನೆನಪಿರಬಹುದು. ಹೈದರಾಬಾದ್‌ನ ಐಪಿಎಲ್ ತಂಡದಲ್ಲಿದ್ದಾಗ ಜೊತೆಯವರು ಅವರನ್ನು 'ಕಾಲೂ' ಎನ್ನುತ್ತಿದ್ದರು. ಬಲಶಾಲಿ ಎಂದೇನೋ ಅರ್ಥವಿರಬೇಕೆಂದು ಅವರು ತಿಳಿದಿದ್ದರು. ಅದು ಕರಿಯ ಎಂಬ ಹೀಯಾಳಿಕೆ ಎಂದು ತಿಳಿದದ್ದು ವರ್ಷಗಳ ನಂತರ. ನಮ್ಮ ಹುಡುಗನಿಗೆ ಆ ಅಜ್ಞಾನದ ನೆರಳೂ ಇರಲಿಲ್ಲ. ಮೊದಲ ಸಲವೇ ಎಲ್ಲ ಅರ್ಥವಾಗಿತ್ತು.

ಸೆಮಿಫೈನಲ್

ಆತಿಥೇಯ ಊರಿನ ತಂಡದ ಎದುರು ಸೆಮಿಫೈನಲ್ ಶುರುವಾದಾಗ ರಾತ್ರಿ ಒಂದು ಗಂಟೆ. ಈಗ ಚಿರತೆ ಊರಿನ ಎದುರಾಳಿ. ಜನರೇಟರ್ ಬದಿಯಲ್ಲಿ ನಿಂತಿದ್ದ ಏಳೆಂಟು ಹುಡುಗರು ಅವನು ರೈಡ್‌ಗೆ ಹೊರಟಾಗಲೆಲ್ಲ 'ಹೂ, ಹೂ, ಹೂ' ಎಂದು ಮಂಗನ ಹಾಗೆ ಕೂಗತೊಡಗಿದರು. ನಡುನಡುವೆ ತುಳುವಿನಲ್ಲಿ 'ಮಂಗೆ' ಎಂಬ ಮಾತು. ಮೊದಲಾರ್ಧ ಮುಗಿಯುವಾಗ ಗ್ಯಾಲರಿಯ ಒಂದು ಭಾಗವೂ ದನಿಗೂಡಿಸಿತ್ತು. ವಿರಾಮದಲ್ಲಿ ಅವನು ನೀರು ಕುಡಿಯುತ್ತಿದ್ದಾಗ ಕಾಲಬಳಿ ನೆಲಗಡಲೆ ಬಿತ್ತು. ಒಂದು ಹಿಡಿ, ಆಮೇಲೆ ಇನ್ನೊಂದು ಹಿಡಿ. ಮೈಕ್ ಏನು ಹೇಳಿತು ಎಂದರೆ, 'ಅಭಿಮಾನಿಗಳು ಚಿರತೆಗೆ ಉಪಚಾರ ಮಾಡುತ್ತಿದ್ದಾರೆ.'

ಅವನ ತಂಡದ ಮ್ಯಾನೇಜರ್ ನನ್ನ ಬಳಿ ಬಂದು, 'ಸರ್, ಇದನ್ನು ನಿಲ್ಲಿಸಿ' ಎಂದರು. 'ಜನರನ್ನು ನೋಡಿಕೊಳ್ಳುವುದು ಸಂಘಟಕರ ಕೆಲಸ, ನಾನು ಅವರಿಗೆ ಹೇಳುತ್ತೇನೆ' ಎಂದೆ. ಹೇಳಿದೆ. ಕಾರ್ಯದರ್ಶಿ, 'ಮಾಸ್ಟರೇ, ಇನ್ನು ಹದಿನೈದು ನಿಮಿಷ, ಮುಗಿಯಿತಲ್ಲ' ಎಂದ. ನಾನು ಎರಡನೆಯ ಅರ್ಧಕ್ಕೆ ಸೀಟಿ ಊದಿದೆ. ಹಸಿರು ಕಾರ್ಡು, ಹಳದಿ ಕಾರ್ಡು, ಕೆಂಪು ಕಾರ್ಡು ಮೂರೂ ಕಿಸೆಯಲ್ಲಿದ್ದವು, ಆದರೆ ಅವು ಆಟಗಾರರಿಗೆ. ಪ್ರೇಕ್ಷಕರಿಗೆ ತೋರಿಸಲು ನನ್ನ ಬಳಿ ಕಾರ್ಡಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಟ ನಿಲ್ಲಿಸುವ ಸೀಟಿ ಬಾಯಲ್ಲೇ ಇತ್ತು.

ಕೊನೆಯ ನಿಮಿಷ, 30–30. ಅವನು ರೈಡ್‌ಗೆ ಹೋದ. ಜನರೇಟರ್ ಬದಿಯಿಂದ ಕೂಗು ಎದ್ದಿತು, ಗ್ಯಾಲರಿ ಅದನ್ನು ಎತ್ತಿಕೊಂಡಿತು, ಮೈಕ್ ಸಹ ಏನೋ ಹೇಳುತ್ತಿತ್ತು. ನಾನು ಅವನಿಂದ ಹತ್ತು ಹನ್ನೆರಡು ಅಡಿ ದೂರದಲ್ಲಿ, ಕೂಗುವವರಿಗೆ ಬೆನ್ನು ಹಾಕಿ ನಿಂತಿದ್ದೆ. ಅವನ ತುಟಿ ಕಾಣುತ್ತಿರಲಿಲ್ಲ. ಅವನ 'ಕಬಡ್ಡಿ' ಒಂದು ಹಂತದ ನಂತರ ನನ್ನ ಕಿವಿಗೆ ಬೀಳಲಿಲ್ಲ. ಕ್ಯಾಂಟ್ ಕಡಿದಿದೆ ಎಂದು ಸೀಟಿ ಊದಿ ಕೈ ಎತ್ತಿದೆ. ಔಟ್. ಊರಿನ ತಂಡ 31–30ರಿಂದ ಗೆದ್ದಿತು. ಪಟಾಕಿ ಹೊಡೆದರು.

ಹುಡುಗ ವಾದಿಸಲಿಲ್ಲ. ಚೀಲ ಹೆಗಲಿಗೇರಿಸಿ ಹೋಗುವಾಗ ನನ್ನ ಎದುರು ನಿಂತು ಇಷ್ಟೇ ಹೇಳಿದ: 'ಸರ್, ನಾನು ಹೇಳುತ್ತಲೇ ಇದ್ದೆ. ನಿಮಗೆ ಕೇಳಿಸಲಿಲ್ಲ.'

ರೆಕಾರ್ಡಿಂಗ್

ಮರುದಿನ ಮಧ್ಯಾಹ್ನದೊಳಗೆ ನೆಲಗಡಲೆ ಎಸೆಯುವ ವಿಡಿಯೊ ಎಲ್ಲರ ಮೊಬೈಲಿನಲ್ಲಿತ್ತು. ಮೊದಲು ಹಂಚಿದವರು ನಗಲೆಂದೇ ಹಂಚಿದ್ದರು. ಸಂಜೆಯ ಹೊತ್ತಿಗೆ ಬೈಗುಳ ಶುರುವಾಯಿತು, ಕಾಲೇಜಿನಿಂದ ಕಾರ್ಯದರ್ಶಿಗೆ ಫೋನ್ ಬಂತು.

ಪಂದ್ಯಾಟವನ್ನು ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಿದ್ದರು. ಅದರ ಕ್ಯಾಮೆರಾ ವೇದಿಕೆಯ ಬದಿಯಲ್ಲಿತ್ತು, ಕೂಗುತ್ತಿದ್ದವರಿಗೆ ನೇರ ಎದುರು. ಸೋಮವಾರ ಬೆಳಿಗ್ಗೆ ಮಗಳು ಆ ಕೊನೆಯ ರೈಡ್ ಹಾಕಿಕೊಟ್ಟಳು. ಇಯರ್‌ಫೋನ್ ಸಿಕ್ಕಿಸಿಕೊಂಡು ಮೂರು ಸಲ ಕೇಳಿದೆ. ಮೊದಲು 'ಹೂ ಹೂ' ಮಾತ್ರ. ಎರಡನೆಯ ಸಲ, ಅದರಡಿ ತೆಳುವಾಗಿ, ಕಡಿಯದೆ, 'ಕಬಡ್ಡಿ, ಕಬಡ್ಡಿ, ಕಬಡ್ಡಿ'. ನನ್ನ ಸೀಟಿ ಊದುವ ತನಕವೂ ಇದೆ. ಊದಿದ ಮೇಲೂ ಎರಡು ಸಲ ಇದೆ.

2021ರ ಜನವರಿಯ ಸಿಡ್ನಿ ಟೆಸ್ಟ್ ನೆನಪಾದದ್ದು ಆಗ. ಬೌಂಡರಿ ಬಳಿ ನಿಂತಿದ್ದ ಮೊಹಮ್ಮದ್ ಸಿರಾಜ್‌ಗೆ ಪ್ರೇಕ್ಷಕರಲ್ಲಿ ಕೆಲವರು ಬೈದಾಗ ಅವರು ನೇರ ಅಂಪೈರ್ ಬಳಿಗೆ ನಡೆದು ಹೇಳಿದರು. ಆಟ ಸುಮಾರು ಹತ್ತು ನಿಮಿಷ ನಿಂತಿತು, ಆರು ಮಂದಿಯನ್ನು ಮೈದಾನದಿಂದ ಹೊರಗೆ ಹಾಕಿದರು. ಬೈದವರು ಆ ಆರು ಮಂದಿಯಲ್ಲ ಎಂದು ಮುಂದೆ ತನಿಖೆಯಲ್ಲಿ ತಿಳಿಯಿತು, ಆದರೆ ಭಾರತದ ಆಟಗಾರರನ್ನು ಜನಾಂಗೀಯವಾಗಿ ನಿಂದಿಸಿದ್ದು ನಿಜವೆಂದು ಅಲ್ಲಿನ ಕ್ರಿಕೆಟ್ ಮಂಡಳಿಯೇ ಒಪ್ಪಿತು. ಸಿರಾಜ್‌ಗೆ ನಡೆದು ಹೋಗಿ ಹೇಳುವ ಅವಕಾಶವಿತ್ತು, ಹೇಳಿದರೆ ವಿಕೆಟ್ ಹೋಗುತ್ತಿರಲಿಲ್ಲ. ರೈಡ್‌ನಲ್ಲಿರುವವನಿಗೆ ಅದೂ ಇಲ್ಲ. 'ಸರ್, ಇವರು ನನ್ನನ್ನು ಮಂಗ ಎನ್ನುತ್ತಿದ್ದಾರೆ' ಎಂದು ಆ ಹುಡುಗ ಬಾಯಿ ತೆರೆದಿದ್ದರೆ ಆ ಕ್ಷಣವೇ ಔಟ್. ಅವನ ಪರವಾಗಿ ಮಾತಾಡಬೇಕಾದವನು ತೀರ್ಪುಗಾರ ಒಬ್ಬನೇ. ಅವನ ಬಾಯಲ್ಲಿ ಒಂದೇ ಪದವಿದ್ದಷ್ಟು ಹೊತ್ತು ಉಳಿದೆಲ್ಲ ಪದಗಳೂ ನನ್ನ ಬಾಯಲ್ಲಿದ್ದವು.

ವಿಚಾರಣೆ

ಆ ವಾರವೇ ಯುವಕ ಮಂಡಲದವರು ಮೂವರ ಸಮಿತಿ ಮಾಡಿದರು: ಸಂಘದ ಹಳೆಯ ಅಧ್ಯಕ್ಷರು, ನಿವೃತ್ತ ಶಿಕ್ಷಕಿಯೊಬ್ಬರು, ಮತ್ತು ನಾನು. ನಾನು ಅದರಲ್ಲಿ ಇರಬಾರದಿತ್ತು. ತಪ್ಪು ಮಾಡಿದವನೇ ತಪ್ಪು ಹುಡುಕುವುದು ಯಾವ ನ್ಯಾಯ? ಆದರೆ ಯಾರೂ ಆಕ್ಷೇಪಿಸಲಿಲ್ಲ, ನಾನೂ ಬಿಟ್ಟುಕೊಡಲಿಲ್ಲ. ವಿಡಿಯೊ ನೋಡಿ ನಾಲ್ವರು ಹುಡುಗರನ್ನು ಗುರುತಿಸಿ ಕರೆಸಿದೆವು. ಹದಿನೇಳರಿಂದ ಇಪ್ಪತ್ತನಾಲ್ಕರ ವಯಸ್ಸು.

ಅವರ ಉತ್ತರ ಬಹುತೇಕ ಒಂದೇ. 'ಎದುರು ತಂಡದವರನ್ನು ಕೂಗಿ ಕಂಗೆಡಿಸುವುದು ಯಾವಾಗಲೂ ಇದ್ದದ್ದೇ.' ನಿಜ, ಇದ್ದದ್ದೇ. ದಪ್ಪಗಿದ್ದವನಿಗೆ, ಬೋಳು ತಲೆಯವನಿಗೆ, ಸೋತು ಸುಣ್ಣವಾದವನಿಗೆ ಎಲ್ಲರಿಗೂ ಕೂಗುತ್ತಾರೆ. ಶಿಕ್ಷಕಿ ಕೇಳಿದರು: 'ಬೋಳು ತಲೆಯವನಿಗೆ ನೆಲಗಡಲೆ ಎಸೆದಿದ್ದೀರಾ?' ನಾಲ್ವರೂ ನೆಲ ನೋಡಿದರು. ಆಟಗಾರನ ಆಟವನ್ನು ಹೀಯಾಳಿಸುವುದಕ್ಕೂ ಅವನು ಮನುಷ್ಯನೇ ಅಲ್ಲ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಅವರು ಆ ಒಂದು ಪ್ರಶ್ನೆಯಲ್ಲಿ ತೆರೆದಿಟ್ಟರು. ನಾನು ಅರ್ಧ ಗಂಟೆಯಿಂದ ಮಾಡುತ್ತಿದ್ದ ಭಾಷಣ ಅಲ್ಲಿಗೆ ನಿಂತಿತು.

ಹದಿನೇಳರ ಹುಡುಗನನ್ನು ಅವನ ತಂದೆಯೇ ಕರೆದುಕೊಂಡು ಬಂದಿದ್ದರು. ಹದಿನೆಂಟು ವರ್ಷ ಕುವೈತ್‌ನಲ್ಲಿ ದುಡಿದು ಮರಳಿದವರು. ಮಗ ಮಾತಾಡಿ ಮುಗಿಸಿದ ಮೇಲೆ, ಅಲ್ಲಿ ತನ್ನನ್ನು ಮೇಸ್ತ್ರಿ ಯಾವ ಹೆಸರಿನಿಂದ ಕರೆಯುತ್ತಿದ್ದ ಎಂಬುದನ್ನು ಹೇಳಿದರು. ಮಗ ಅದನ್ನು ಮೊದಲ ಸಲ ಕೇಳುತ್ತಿದ್ದ ಎಂಬುದು ಅವನ ಮುಖದಲ್ಲೇ ಗೊತ್ತಾಗುತ್ತಿತ್ತು. ಆ ಹೆಸರನ್ನು ನಾವು ವರದಿಯಲ್ಲಿ ಬರೆಯಲಿಲ್ಲ.

ವೀಕ್ಷಕ ವಿವರಣೆಗಾರ ಕೋಪದಲ್ಲೇ ಬಂದ. 'ನಾನು ಹೊಗಳಿದ್ದು. ಚಿರತೆ ಎಂದರೆ ಬೈಗುಳವೇ? ನಿಮ್ಮ ಊರಿನ ಹುಡುಗನಿಗೆ ಹುಲಿ ಎಂದಿದ್ದೆನಲ್ಲ?' ಈ ಪ್ರಶ್ನೆಗೆ ತಟ್ಟನೆ ಉತ್ತರ ಸಿಗಲಿಲ್ಲ. ನೇರ ಪ್ರಸಾರದ ರೆಕಾರ್ಡಿಂಗ್ ಹಾಕಿ ಎಣಿಸಿದೆವು. ಊರಿನ ಹುಡುಗನಿಗೆ ಹುಲಿ ಎಂದಾಗಲೆಲ್ಲ ಹೆಸರೂ ಮನೆತನವೂ ಸೇರಿಕೊಂಡೇ ಬರುತ್ತಿತ್ತು. ಈ ಹುಡುಗನ ಹೆಸರು ಅವನ ಮೂರು ಪಂದ್ಯಗಳಲ್ಲಿ ಮೈಕಿನಲ್ಲಿ ಒಮ್ಮೆಯೂ ಬರಲಿಲ್ಲ. ಆಟಗಾರರ ಪಟ್ಟಿ ವಿವರಣೆಗಾರನ ಮೇಜಿನ ಮೇಲೇ ಇತ್ತು. ಅದನ್ನು ಕೇಳಿ ಅವನ ಕೋಪ ಇಳಿಯಿತು. ಪಶ್ಚಾತ್ತಾಪ ಬಂತು ಎಂದು ಹೇಳಲಾರೆ.

ಹಳೆಯ ಅಧ್ಯಕ್ಷರದು ಬೇರೆಯೇ ವಾದ. ಬಣ್ಣದ ಜಗಳ ಬಿಳಿಯರ ದೇಶದ್ದು, ನಮ್ಮಲ್ಲಿ ಅದಿಲ್ಲ ಎಂದರು. 2007ರ ಅಕ್ಟೋಬರ್‌ನಲ್ಲಿ ಮುಂಬೈಯ ವಾಂಖೆಡೆಯಲ್ಲಿ ಆಸ್ಟ್ರೇಲಿಯಾದ ಕ್ರಿಕೆಟಿಗ ಆಂಡ್ರ್ಯೂ ಸೈಮಂಡ್ಸ್ ಎದುರು ಮಂಗನ ಚೇಷ್ಟೆ ಮಾಡಿದ ನಾಲ್ವರನ್ನು ಪೊಲೀಸರು ಹಿಡಿದದ್ದನ್ನು ನಾನು ಹೇಳಿದೆ. ಅದು ಮುಂಬೈ ಎಂದರು. 2024ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಅರೀಕೋಡ್ ಕಡೆ ಸೆವೆನ್ಸ್ ಫುಟ್‌ಬಾಲ್ ಆಡಲು ಬಂದ ಐವರಿ ಕೋಸ್ಟ್‌ನ ಆಟಗಾರನನ್ನು ಜನ ಅಟ್ಟಿಸಿಕೊಂಡು ಹೋಗಿ ಹೊಡೆದರು, ಬಣ್ಣ ಹಿಡಿದು ಬೈದರೆಂದು ಆತ ಪೊಲೀಸರಿಗೆ ದೂರು ಕೊಟ್ಟ ಎಂದೆ. ಅದು ಕೇರಳ ಎಂದರು. ಆಗ ಶಿಕ್ಷಕಿ, 'ಕೊರಗರು ಯಾವ ದೇಶದವರು?' ಎಂದು ಕೇಳಿದರು. ಕೊರಗರು ಇದೇ ಕರಾವಳಿಯ ಬುಡಕಟ್ಟಿನವರು. ಕಂಬಳದ ಹಿಂದಿನ ರಾತ್ರಿ ಅವರನ್ನು ಇಬ್ಬನಿಯಲ್ಲಿ ಕೂರಿಸಿ, ಡೋಲು ಬಡಿಸಿ, ಕೋಣಗಳಿಗಿಂತ ಮೊದಲು ಗದ್ದೆಗಿಳಿಸುತ್ತಿದ್ದ ಕಾಲವನ್ನು ಅಧ್ಯಕ್ಷರು ಕಣ್ಣಾರೆ ಕಂಡವರು. ಅದನ್ನೂ ಜನ ಕಟ್ಟಳೆ ಎಂದೇ ಕರೆಯುತ್ತಿದ್ದರು, ಯಾರೂ ಅವಮಾನ ಎನ್ನುತ್ತಿರಲಿಲ್ಲ. ಕೊರಗರನ್ನು ಹೀಗೆ ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಲ್ಲಿಸಲು ರಾಜ್ಯ ಸರ್ಕಾರ 2000ದಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಅಧ್ಯಕ್ಷರು ಮತ್ತೆ ಆ ಮಾತೆತ್ತಲಿಲ್ಲ. ಚಹಾ ತರಿಸಿದರು.

ಕಾನೂನು, ಮತ್ತು ನಾವು ಅದರಿಂದ ಜಾರಿದ ಬಗೆ

ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಪರಿಶಿಷ್ಟ ಪಂಗಡದವರನ್ನು ಕೀಳುಗಾಣಿಸುವ ಉದ್ದೇಶದಿಂದ, ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆರು ತಿಂಗಳಿಂದ ಐದು ವರ್ಷದ ತನಕ ಸೆರೆವಾಸ, ಜೊತೆಗೆ ದಂಡ. ಸಾವಿರಾರು ಜನ, ಹೊನಲು ಬೆಳಕು, ನೇರ ಪ್ರಸಾರ: ಇದಕ್ಕಿಂತ ಸಾರ್ವಜನಿಕವಾದ ಜಾಗ ಯಾವುದು? ಕಾಯ್ದೆಯ ಹೆಸರು ಸಭೆಯಲ್ಲಿ ಬಂದ ಕೂಡಲೇ ಎಲ್ಲರ ದನಿಯೂ ತಗ್ಗಿತು.

ಹುಡುಗ ತನ್ನ ಅಧ್ಯಾಪಕರ ಜೊತೆ ಒಮ್ಮೆ ಬಂದ. ಪೊಲೀಸ್ ದೂರು ಬೇಡ, ಪರೀಕ್ಷೆ ಹತ್ತಿರವಿದೆ, ವಿಶ್ವವಿದ್ಯಾಲಯ ತಂಡದ ಆಯ್ಕೆ ಇದೆ, ಠಾಣೆ ಕೋರ್ಟು ಎಂದು ಅಲೆಯಲು ಆಗುವುದಿಲ್ಲ ಎಂದ. ನಾವು ಅದನ್ನು ದಾಖಲಿಸಿಕೊಂಡೆವು. 'ಸಂತ್ರಸ್ತನ ಇಚ್ಛೆಯಂತೆ' ಎಂದು ವರದಿಯಲ್ಲಿ ಬರೆದ ಸಾಲು ನನ್ನದೇ. ಇಂದು ಅದನ್ನು ಓದಿದರೆ ನಾಚಿಕೆಯಾಗುತ್ತದೆ. ದೂರು ಕೊಟ್ಟರೆ ಜೊತೆಗೆ ನಿಲ್ಲುತ್ತೇವೆ, ಸಾಕ್ಷಿ ಹೇಳುತ್ತೇವೆ, ರೆಕಾರ್ಡಿಂಗ್ ಕೊಡುತ್ತೇವೆ ಎಂದು ನಮ್ಮಲ್ಲಿ ಒಬ್ಬರೂ ಅವನಿಗೆ ಹೇಳಲಿಲ್ಲ. ಒಂಟಿಯಾಗಿ ಹೊರಬೇಕಾದ ಹೊರೆಯನ್ನು ಬೇಡ ಎಂದವನ ಮಾತನ್ನು ಹಿಡಿದು ನಾವೆಲ್ಲ ಹಗುರಾದೆವು.

ಅವನು ಕೇಳಿದ್ದು ಒಂದೇ: 'ಸ್ಕೋರ್ ಶೀಟಿನಲ್ಲಿ ನಾನು ಔಟ್ ಎಂದಿದೆ. ಅದನ್ನು ತಿದ್ದುತ್ತೀರಾ ಸರ್?'

ಆಮೇಲೆ

ನಾಲ್ವರು ಹುಡುಗರು ಕ್ಷಮಾಪಣೆ ಪತ್ರ ಬರೆದುಕೊಟ್ಟರು. ಹದಿನೇಳರವನ ಪತ್ರ ಉಳಿದ ಮೂರಕ್ಕಿಂತ ಉದ್ದವಿತ್ತು, ಕಾಗುಣಿತದ ತಪ್ಪುಗಳೂ ಹೆಚ್ಚಿದ್ದವು, ನಕಲು ಮಾಡಿದ್ದಲ್ಲ. ವಿವರಣೆಗಾರನನ್ನು ಮರುವರ್ಷ ಕರೆಯಲಿಲ್ಲ. ಬೇರೆ ಊರಿನವರು ಕರೆದರು. ಅವನಿಗೆ ಆ ಸೀಸನ್‌ನಲ್ಲಿ ಬಿಡುವೇ ಇರಲಿಲ್ಲವಂತೆ.

ನಿಯಮದ ಮಾತಿಗೆ ಬಂದರೆ, ಫುಟ್‌ಬಾಲ್‌ನಿಂದ ಸಾಲ ತಂದೆವು. ಫಿಫಾ ನಿಯಮದಂತೆ ಜನಾಂಗೀಯ ನಿಂದನೆ ಕೇಳಿಬಂದರೆ ರೆಫರಿ ಮೊದಲು ಆಟ ನಿಲ್ಲಿಸಿ ಮೈಕಿನಲ್ಲಿ ಎಚ್ಚರಿಕೆ ಕೊಡಿಸುತ್ತಾನೆ, ಮುಂದುವರಿದರೆ ಆಟಗಾರರನ್ನು ಹೊರಗೆ ಕರೆಯುತ್ತಾನೆ, ಆಗಲೂ ನಿಲ್ಲದಿದ್ದರೆ ಪಂದ್ಯ ರದ್ದು. 2024ರ ಮೇ ತಿಂಗಳಲ್ಲಿ ಬ್ಯಾಂಕಾಕ್‌ನ ಸಭೆಯ ನಂತರ, ಆಟಗಾರನೇ ಎರಡು ಮಣಿಕಟ್ಟು ಅಡ್ಡ ಹಿಡಿದು ರೆಫರಿಗೆ ಸೂಚಿಸುವ ಸನ್ನೆಯೂ ಸೇರಿದೆ. ಈ ಸನ್ನೆ ನನಗೆ ಬಹಳ ಹಿಡಿಸಿತು, ಬಾಯಿ ತೆರೆಯಲಾಗದ ರೈಡರ್‌ಗೆಂದೇ ಮಾಡಿದಂತಿದೆ. ಮರುವರ್ಷದ ಪಂದ್ಯಾಟದಲ್ಲಿ ಎಲ್ಲ ತಂಡಗಳಿಗೂ ಅದನ್ನು ತೋರಿಸಿಕೊಟ್ಟೆವು. ಸನ್ನೆ ಕಂಡರೆ ಆಟ ನಿಲ್ಲಬೇಕು, ಆ ರೈಡ್ ಹೊಸದಾಗಿ ಆರಂಭವಾಗಬೇಕು, ಜನರೇಟರ್ ಬದಿಯಲ್ಲಿ ಯಾರೂ ನಿಲ್ಲುವ ಹಾಗಿಲ್ಲ, ಆಟಗಾರನ ಹೆಸರು ಹೇಳದೆ ಬಿರುದು ಹೇಳುವ ಹಾಗಿಲ್ಲ. ಪೇಟೆಯ ಆ ತಂಡ ಬಂದಿತ್ತು. ಹುಡುಗ ಬಂದಿರಲಿಲ್ಲ. ಪರೀಕ್ಷೆ ಎಂದರು.

ಕರಪತ್ರದ ಕೊನೆಯ ಸಾಲನ್ನು ತೆಗೆಯೋಣ ಎಂದು ನಾನು ಸಭೆಯಲ್ಲಿ ಹೇಳಿ ನೋಡಿದೆ. 'ಹಾಗಾದರೆ ಬೆಳಗಾಗುವ ತನಕ ಜಗಳವೇ ಮಾಸ್ಟರೇ' ಎಂದು ನಕ್ಕರು. ಸಾಲು ಹಾಗೆಯೇ ಇದೆ.

ಮುಗಿದ ಪಂದ್ಯದ ಫಲಿತಾಂಶ ಬದಲಿಸಲು ಬರುವುದಿಲ್ಲ. ಆದರೆ ಸ್ಕೋರ್ ಶೀಟಿನ ಕೆಳಗೆ ಷರಾ ಬರೆಯಲು ಎರಡು ಗೆರೆ ಜಾಗವಿರುತ್ತದೆ. ಅಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: 'ಕೊನೆಯ ರೈಡ್‌ನಲ್ಲಿ ಕ್ಯಾಂಟ್ ಕಡಿದಿರಲಿಲ್ಲ. ಪ್ರೇಕ್ಷಕರ ನಿಂದನೆಯ ಸದ್ದಿನಲ್ಲಿ ತೀರ್ಪುಗಾರನಿಗೆ ಕೇಳಿಸಲಿಲ್ಲ. ಆಟ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಔಟ್ ತೀರ್ಪು ತಪ್ಪು.' ಎರಡು ಗೆರೆ ಸಾಲದೆ ಅಂಚಿನಲ್ಲೂ ಬರೆಯಬೇಕಾಯಿತು. ಸಹಿ ಹಾಕಿ, ದಿನಾಂಕ ಬರೆದು, ಒಂದು ಪ್ರತಿ ತೆಗೆಸಿ ಅವನ ಹಾಸ್ಟೆಲ್ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಮೂಲ ಪ್ರತಿ ಯುವಕ ಮಂಡಲದ ಕಪಾಟಿನಲ್ಲಿದೆ. ಅದರಲ್ಲಿ ಒಟ್ಟು ಅಂಕ ಈಗಲೂ 31–30.